ಎತ್ತಬೇಕಾದದ್ದು ಯಾವುದು, ಬಿಡಬೇಕಾದದ್ದು ಯಾವುದು: 2023ರ ಬಿಸಿಯಲ್ಲಿ ಒಂದು ಹವಳದ ನರ್ಸರಿ

ಈ ಪ್ರಕರಣ ಅಮೆರಿಕದ ಫ್ಲಾರಿಡಾ ಕೀಸ್‌ನದ್ದು. ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಯಿಂದ ಕಡಲಿನೊಳಕ್ಕೆ ಚಾಚಿಕೊಂಡಿರುವ ಸಣ್ಣ ದ್ವೀಪಗಳ ಸಾಲು ಅದು. ಹವಳ ಬೆಳೆಸಿ ದಿಬ್ಬಕ್ಕೆ, ಅಂದರೆ ಹವಳಗಳೇ ಕಡಲ ತಳದಲ್ಲಿ ಕಟ್ಟಿದ ರೀಫ್‌ಗೆ, ನೆಡುವ ಹಲವು ತಂಡಗಳು ಅಲ್ಲಿವೆ. ಅಂಥ ಒಂದು ತಂಡ 2023ರ ಬೇಸಿಗೆಯಲ್ಲಿ ತೆಗೆದುಕೊಂಡ ತೀರ್ಮಾನಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ತಂಡದ ಹೆಸರು, ನರ್ಸರಿಯ ಜಾಗ, ಜನರ ಹೆಸರು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗದಿರಲಿ ಅಂತ ಕೆಲವು ಸಣ್ಣ ವಿವರಗಳನ್ನೂ ಬದಲಿಸಿದ್ದೇನೆ. ಕೊನೆಯ ಮಾತು ಹೇಳುವ ಹೊಣೆ ಇದ್ದವರನ್ನು ಮೇಲ್ವಿಚಾರಕಿ ಅಂತ ಕರೆಯುತ್ತೇನೆ.

ಆ ವರ್ಷ ಹವಳ ಸತ್ತ ಸುದ್ದಿ ಎಲ್ಲ ಕಡೆ ಬಂತು. ಆದರೆ ನೀರು ದಿನದಿನಕ್ಕೂ ಕಾಯುತ್ತಿರುವಾಗ ಕೆಲಸದವರ ಮುಂದೆ ಯಾವ ದಾರಿಗಳಿದ್ದವು, ಯಾಕೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರು ಅನ್ನುವುದು ಹೊರಗೆ ಬಂದದ್ದು ಕಡಿಮೆ. ಕಡಲಜೀವಿಗಳ ಜೊತೆ ಕೆಲಸ ಮಾಡುವವರಿಗೆ, ಆ ಕಡೆ ಹೋಗಬೇಕು ಅಂತಿರುವ ವಿದ್ಯಾರ್ಥಿಗಳಿಗೆ ಬೇಕಾಗಿರುವುದು ಆ ಭಾಗವೇ.

ಹಿನ್ನೆಲೆ

ಫ್ಲಾರಿಡಾದ ಹವಳದ ದಿಬ್ಬಗಳ ಸಾಲು ಸುಮಾರು 560 ಕಿಲೋಮೀಟರ್ ಉದ್ದ. ದಿಬ್ಬ ಕಟ್ಟುವುದರಲ್ಲಿ ಅಲ್ಲಿ ಎರಡು ಜಾತಿಗಳದ್ದು ದೊಡ್ಡ ಪಾಲು: ಸ್ಟ್ಯಾಗ್‌ಹಾರ್ನ್ ಮತ್ತು ಎಲ್ಕ್‌ಹಾರ್ನ್. ಎರಡೂ ಕವಲೊಡೆದು ಬೇಗ ಬೆಳೆಯುತ್ತವೆ. ಕವಲುಗಳ ಸಂದಿಯಲ್ಲಿ ಮೀನುಮರಿಗಳು ಅಡಗುತ್ತವೆ. ಚಂಡಮಾರುತ ಬಂದಾಗ ಅಲೆಯ ಹೊಡೆತ ದಡಕ್ಕೆ ತಲುಪುವ ಮೊದಲು ಇವುಗಳ ಮೇಲೆ ಬೀಳುತ್ತದೆ. 1970ರ ದಶಕದ ಕೊನೆಯಿಂದ ವೈಟ್ ಬ್ಯಾಂಡ್ ಅನ್ನುವ ರೋಗ ಬಂದು ಕೆರಿಬಿಯನ್ ಉದ್ದಕ್ಕೂ ಇವುಗಳ ಬಹುಪಾಲನ್ನು ಕೊಂದಿತು. 2006ರಲ್ಲಿ ಅಮೆರಿಕ ಸರ್ಕಾರ ಎರಡನ್ನೂ ಅಳಿವಿನ ಅಂಚಿಗೆ ಬರುತ್ತಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಉಳಿದ ತುಂಡುಗಳನ್ನು ಬೆಳೆಸಿ ಮತ್ತೆ ನೆಡುವ ಕೆಲಸ ಶುರುವಾದದ್ದು ಹೀಗೆ. 2019ರಲ್ಲಿ ಅದಕ್ಕೆ ದೊಡ್ಡ ಗುರಿಯೂ ಬಂತು. ಕೀಸ್‌ನ ಏಳು ದಿಬ್ಬಗಳಲ್ಲಿ ಜೀವಂತ ಹವಳದ ಹೊದಿಕೆ ಆಗ ಶೇ. 2ರ ಆಸುಪಾಸು ಇತ್ತು. 2040ರ ಹೊತ್ತಿಗೆ ಅದನ್ನು ಶೇ. 25ಕ್ಕೆ ಏರಿಸಬೇಕು ಅಂತ ಸರ್ಕಾರಿ ಸಂಸ್ಥೆಗಳು, ಸ್ವಯಂಸೇವಾ ತಂಡಗಳು ಸೇರಿ ಹೊರಟವು.

ನಮ್ಮ ಪ್ರಕರಣದ ನರ್ಸರಿ ಇರುವುದು ಕಡಲಿನೊಳಗೆ, ಕೆಲವೇ ಮೀಟರ್ ಆಳದಲ್ಲಿ. ಮರಳಿನ ತಳಕ್ಕೆ ಒಂದು ಪ್ಲಾಸ್ಟಿಕ್ ಕಂಬ ಕಟ್ಟುತ್ತಾರೆ. ಅದು ನೆಟ್ಟಗೆ ನಿಲ್ಲಲಿ ಅಂತ ಮೇಲೆ ತೇಲುವ ಬುರುಡೆ ಇರುತ್ತದೆ. ಕಂಬದಿಂದ ಅಡ್ಡಕ್ಕೆ ಕೊಂಬೆಗಳು, ಕೊಂಬೆಗಳಿಂದ ಗಾಳದ ದಾರದಲ್ಲಿ ನೇತಾಡುವ ಹವಳದ ತುಂಡುಗಳು. ಇದಕ್ಕೆ ಅವರು ಮರ ಅನ್ನುತ್ತಾರೆ. ಬೆರಳುದ್ದದ ತುಂಡು ಕೆಲವು ತಿಂಗಳಲ್ಲಿ ನೆಡುವಷ್ಟು ದೊಡ್ಡದಾಗುತ್ತದೆ. ಆಗ ಅದನ್ನು ದಿಬ್ಬಕ್ಕೆ ಒಯ್ದು, ಬಂಡೆ ಉಜ್ಜಿ, ಅಂಟು ಹಾಕಿ ಕೂರಿಸುತ್ತಾರೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ದಾಸವಾಳದ ಒಂದೇ ಗಿಡದಿಂದ ಟೊಂಗೆ ಮುರಿದು ಊರೆಲ್ಲ ನೆಟ್ಟರೂ ಅದು ಒಂದೇ ಗಿಡವಲ್ವಾ? ಹವಳದ ತುಂಡುಗಳೂ ಹಾಗೆ. ಸಾವಿರ ತುಂಡು ನೇತಾಡುತ್ತಿದ್ದರೂ ಅವು ಕೆಲವೇ ತಾಯಿಗಳವು ಆಗಿರಬಹುದು. ಒಂದು ತಾಯಿಯ ತುಂಡುಗಳೆಲ್ಲ ಸೇರಿ ಒಂದು ತಳಿ. ಪ್ರತಿ ತಳಿಗೂ ಒಂದು ಸಂಖ್ಯೆ, ಮರಕ್ಕೆ ಅದರ ಬಿಲ್ಲೆ. ತಂಡದ ವಾರ್ಷಿಕ ವರದಿಯಲ್ಲಿ ಮೇಲೆ ಕಾಣುತ್ತಿದ್ದದ್ದು ಆ ವರ್ಷ ನೆಟ್ಟ ತುಂಡುಗಳ ಲೆಕ್ಕ. ಎಷ್ಟು ತಳಿ ಅನ್ನುವುದು ಒಳಪುಟದಲ್ಲಿ. ಬೇಗ ಬೆಳೆಯುವ ತಳಿಗಳು ಹೆಚ್ಚೆಚ್ಚು ಮರ ತುಂಬಿಕೊಂಡವು, ನಿಧಾನದವು ಮೂಲೆ ಸೇರಿದವು. ಯಾರೂ ಬೇಕೆಂದು ಮಾಡಿದ್ದಲ್ಲ. ಹಣ ಕೊಡುವವರು ಕೇಳುವ ಪ್ರಶ್ನೆ ಆ ಕಡೆಗೆ ತಳ್ಳುತ್ತದೆ.

ಸಮಸ್ಯೆ

ಹವಳದ ಹುಳುವಿನ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಅದು ಬಿಸಿಲು ಹಿಡಿದು ಆಹಾರ ಮಾಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯ ಬಹುಪಾಲು ಅಲ್ಲಿಂದಲೇ. ನೀರು ಅಳತೆ ಮೀರಿ ಬಿಸಿಯಾದರೆ ಪಾಚಿಯ ಕೆಲಸ ಹಳಿ ತಪ್ಪಿ ಹವಳಕ್ಕೆ ವಿಷವಾಗುವ ವಸ್ತುಗಳು ಹುಟ್ಟುತ್ತವೆ, ಹವಳ ಆ ಪಾಚಿಯನ್ನು ಹೊರಗೆ ಹಾಕುತ್ತದೆ. ಬಣ್ಣ ಪಾಚಿಯದ್ದು, ಹಾಗಾಗಿ ಹವಳ ಬಿಳಿಚಿಕೊಳ್ಳುತ್ತದೆ. ಬಿಳಿಚಿದ ಹವಳ ಇನ್ನೂ ಸತ್ತಿಲ್ಲ, ಹಸಿದಿದೆ. ನೀರು ಬೇಗ ತಣಿದರೆ ಪಾಚಿ ಮರಳಿ ಸೇರಿ ಅದು ಬದುಕಬಹುದು.

ಎಷ್ಟು ಬಿಸಿ, ಎಷ್ಟು ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ಬೇಸಿಗೆಯ ಅತಿ ಬಿಸಿ ತಿಂಗಳ ಸರಾಸರಿಗಿಂತ ನೀರು ಎಷ್ಟು ಡಿಗ್ರಿ ಮೇಲಿದೆ, ಎಷ್ಟು ವಾರ ಹಾಗಿದೆ ಅಂತ ಗುಣಿಸಿ ಕೂಡುತ್ತಾರೆ. ಆ ಲೆಕ್ಕ 4 ಮುಟ್ಟಿದರೆ ಬಿಳಿಚುವುದು ಶುರು, 8 ದಾಟಿದರೆ ಸಾವು ಶುರು ಅನ್ನುವುದು ಆವರೆಗಿನ ಅನುಭವ. ಕೀಸ್‌ನಲ್ಲಿ ಇದು ಏರುವುದು ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ. ತಂಡದ ಬಿಸಿಗಾಲದ ಯೋಜನೆಯೂ ಅದೇ ಲೆಕ್ಕದಲ್ಲಿ ಬರೆದದ್ದು. ಜುಲೈ ಕೊನೆಗೆ ನೆಡುವುದು ನಿಲ್ಲಿಸಬೇಕು, ಆಗಸ್ಟ್‌ನಲ್ಲಿ ವಾರವಾರ ಹೋಗಿ ಬಣ್ಣ ನೋಡಬೇಕು, ಬಿಳಿಚುವುದು ಕಂಡರೆ ಮುಂದಿನ ಹೆಜ್ಜೆ.

2023ರಲ್ಲಿ ಜುಲೈ ಇನ್ನೂ ಅರ್ಧ ಆಗುವ ಮೊದಲೇ ನೀರು ಹವಳದ ಮಿತಿ ದಾಟಿತ್ತು. ಜುಲೈ 24ರಂದು ಫ್ಲಾರಿಡಾದ ಮನಾಟಿ ಕೊಲ್ಲಿಯ ಒಂದು ಮಾಪಕದಲ್ಲಿ 38.4 ಡಿಗ್ರಿ ಸೆಲ್ಸಿಯಸ್ ಬಂತು ಅಂತ ಲೋಕಕ್ಕೆಲ್ಲ ಸುದ್ದಿಯಾಯಿತು. ಅದು ಆಳವಿಲ್ಲದ, ತಳದಲ್ಲಿ ಕಪ್ಪು ಕೆಸರಿರುವ ಕೊಲ್ಲಿ. ಅಲ್ಲಿ ಹವಳದ ದಿಬ್ಬ ಇಲ್ಲ. ದಿಬ್ಬಗಳ ಮೇಲಿನ ನೀರು ಅಷ್ಟು ಕಾಯಲಿಲ್ಲ. ಆದರೆ ಈ ಹವಳಗಳಿಗೆ 30.5 ಡಿಗ್ರಿಯ ಆಸುಪಾಸಿನಲ್ಲೇ ಕಷ್ಟ ಶುರು. ಆ ಬೇಸಿಗೆ ದಿಬ್ಬಗಳಲ್ಲಿ ನೀರು 31 ಡಿಗ್ರಿಗಿಂತ ಮೇಲಿದ್ದದ್ದು ಸರಾಸರಿ 40 ದಿನ. ನನ್ನನ್ನು ಕೇಳಿದರೆ ನಿಜವಾದ ಸುದ್ದಿ ಈ 40 ದಿನದ್ದು.

ಮೊದಲ ತಿರುವು: ಬಣ್ಣ ನೋಡುವುದನ್ನು ಬಿಟ್ಟದ್ದು

ಜೂನ್ ಕೊನೆಗೇ ಉಪಗ್ರಹದ ಮುನ್ಸೂಚನೆ ಕೆಂಪಾಗಿತ್ತು. ಮೇಲ್ವಿಚಾರಕಿ ಜುಲೈ ಮೊದಲ ವಾರದ ನೆಡುವ ಕಾರ್ಯಕ್ರಮ ರದ್ದು ಮಾಡಿದರು. ಸ್ವಯಂಸೇವಕರು ವಿಮಾನದ ಟಿಕೆಟ್ ಮಾಡಿಸಿದ್ದರು, ದೋಣಿಗೆ ಮುಂಗಡ ಕೊಟ್ಟಾಗಿತ್ತು. ಸುಮ್ನೆ ಹೆದರಿಸುತ್ತಿದ್ದೀರಿ ಅನ್ನುವ ಮಾತು ಆಗ ಕೇಳಬೇಕಾಯಿತು. ಇದು ಒಳ್ಳೆಯ ತೀರ್ಮಾನ. ನೆಟ್ಟ ಹವಳವನ್ನು ಮತ್ತೆ ಕೀಳುವುದು ನೇತುಬಿಟ್ಟದ್ದನ್ನು ಬಿಚ್ಚುವುದಕ್ಕಿಂತ ಬಹಳ ಕಷ್ಟ.

ಮುಂದಿನ ಹೆಜ್ಜೆ ಯಾವಾಗ ಅನ್ನುವುದು ಗಟ್ಟಿ ಪ್ರಶ್ನೆ. ಯೋಜನೆಯ ಪ್ರಕಾರ ಬಿಳಿಚುವುದು ಕಾಣಬೇಕಿತ್ತು. ಜುಲೈ ಮಧ್ಯದಲ್ಲಿ ಮುಳುಗಿ ನೋಡಿದಾಗ ನರ್ಸರಿಯ ತುಂಡುಗಳು ಕಂದು ಬಣ್ಣದಲ್ಲೇ ಇದ್ದವು, ಅಲ್ಲಲ್ಲಿ ಸ್ವಲ್ಪ ಮಂಕು. ಇನ್ನೊಂದು ವಾರ ನೋಡೋಣ ಅಂತ ತಂಡದ ಹೆಚ್ಚಿನವರು ಅಂದರು. ಕಾರಣವೂ ಇತ್ತು. ಎತ್ತುವುದು, ಸಾಗಿಸುವುದು, ತೊಟ್ಟಿಗೆ ಹಾಕುವುದು ಇವೇ ಹವಳಕ್ಕೆ ಪೆಟ್ಟು. ಅನಗತ್ಯವಾಗಿ ಎತ್ತಿದರೆ ನಾವೇ ಕೊಂದ ಹಾಗಾಗುತ್ತದೆ.

ಆ ವಾರವೇ ಕೀಸ್‌ನ ಬೇರೆ ಕಡೆಯಿಂದ ಸುದ್ದಿ ಬಂತು. ಜುಲೈ 20ರಂದು ಸೊಂಬ್ರೆರೊ ದಿಬ್ಬಕ್ಕೆ ಹೋದವರು ಅಲ್ಲಿ ನೆಟ್ಟಿದ್ದ ಹವಳ ಒಂದೂ ಉಳಿದಿಲ್ಲ ಅಂದರು. ಅದಕ್ಕಿಂತ ಹೆಚ್ಚು ಹೆದರಿಸಿದ ಸಂಗತಿ ಇನ್ನೊಂದು. ಕೆಲವು ಕಡೆ ಸ್ಟ್ಯಾಗ್‌ಹಾರ್ನ್ ಬಿಳಿಚುವ ಹಂತವನ್ನೇ ದಾಟದೆ ಸಾಯುತ್ತಿತ್ತು. ಬಣ್ಣ ಇದ್ದ ಹಾಗೇ ಮೈಯ ಚರ್ಮ ಸಡಿಲವಾಗಿ, ನೀರು ಅಲ್ಲಾಡಿದರೆ ಲೋಳೆ ಲೋಳೆಯಾಗಿ ಕಳಚಿಕೊಂಡು, ಕೆಳಗೆ ಬರೀ ಬಿಳಿ ಸುಣ್ಣದ ಕಡ್ಡಿ. ಬಿಳಿಚಿದ ಮೇಲೆ ವಾರಗಟ್ಟಲೆ ಸಮಯ ಇರುತ್ತದೆ ಅನ್ನುವ ನಂಬಿಕೆ ಅಲ್ಲಿಗೆ ಮುಗಿಯಿತು.

ಮೇಲ್ವಿಚಾರಕಿ ಅವತ್ತು ಸಂಜೆಯೇ ಯೋಜನೆಯ ಆ ಸಾಲನ್ನು ಹೊಡೆದುಹಾಕಿದರು. ಇನ್ನು ಬಣ್ಣ ಕಾಯುವುದಿಲ್ಲ, ತಳದ ಥರ್ಮಾಮೀಟರ್ ಮತ್ತು ವಾರಗಳ ಲೆಕ್ಕ ಇಷ್ಟೇ. ಲೆಕ್ಕ ಈಗಾಗಲೇ ಮಿತಿ ದಾಟಿದೆ, ನಾಳೆಯಿಂದ ಎತ್ತುತ್ತೇವೆ. ಈ ಇಡೀ ಪ್ರಕರಣದಲ್ಲಿ ಇಷ್ಟು ಬೆಲೆಬಾಳುವ ತೀರ್ಮಾನ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ಕಣ್ಣಿಗೆ ಕಾಣುವ ಲಕ್ಷಣ ಬರುವ ಹೊತ್ತಿಗೆ ಕೈಯಲ್ಲಿ ಸಮಯವೇ ಉಳಿದಿರುತ್ತಿರಲಿಲ್ಲ.

ಎರಡನೇ ತಿರುವು: ಯಾವುದನ್ನು ಎತ್ತುವುದು

ದಡದಲ್ಲಿ ತಂಪು ನೀರಿನ ತೊಟ್ಟಿಗಳಿರುವ ಜಾಗಗಳು ಕೆಲವೇ. ಎಲ್ಲ ತಂಡಗಳೂ ಒಂದೇ ವಾರ ಅಲ್ಲಿಗೆ ಓಡಿಬಂದವು. ಲಾಂಗ್ ಕೀ ದ್ವೀಪದ ಒಂದೇ ಪ್ರಯೋಗಾಲಯಕ್ಕೆ 5,000ಕ್ಕೂ ಹೆಚ್ಚು ಹವಳ ಬಂದಿಳಿದವು. ನಮ್ಮ ತಂಡಕ್ಕೆ ಸಿಕ್ಕ ತೊಟ್ಟಿಗಳಲ್ಲಿ ನರ್ಸರಿಯ ಸಣ್ಣ ಪಾಲಿಗೆ ಮಾತ್ರ ಜಾಗ.

ದೋಣಿ ಹೊರಡುವ ಮುಂಚೆ ವಾದ ನಡೆಯಿತು. ವರ್ಷಗಟ್ಟಲೆ ಬ್ರಷ್ ಹಿಡಿದು ಪಾಚಿ ಉಜ್ಜಿ ಬೆಳೆಸಿದ ಹುಡುಗ ಹುಡುಗಿಯರಿಗೆ ದೊಡ್ಡ, ತುಂಬಿ ಬೆಳೆದ ಹವಳಗಳನ್ನು ಉಳಿಸುವ ಆಸೆ. ಅವರ ಸಂಕಟ ಅರ್ಥವಾಗುವಂಥದ್ದೇ. ಮೇಲ್ವಿಚಾರಕಿ ಬೇರೆಯೇ ಪಟ್ಟಿ ಹಿಡಿದು ಬಂದರು. ಪ್ರತಿ ತಳಿಯಿಂದ ಎರಡು ಮೂರು ತುಂಡು. ಚಿಕ್ಕವೇ ಸಾಕು, ಚಿಕ್ಕದಿದ್ದಷ್ಟೂ ತೊಟ್ಟಿಯಲ್ಲಿ ಜಾಗ ಉಳಿಯುತ್ತದೆ. ಮೊದಲು ಬೇರೆ ಯಾರ ಹತ್ತಿರವೂ ಇಲ್ಲದ ತಳಿಗಳು. ಆಮೇಲೆ ಇತರ ತಂಡಗಳಲ್ಲೂ ಇರುವವು. ವರದಿಯಲ್ಲಿ ಮೆರೆಯುತ್ತಿದ್ದ, ಮರ ಮರ ತುಂಬಿದ್ದ ಬೇಗ ಬೆಳೆಯುವ ತಳಿಗಳು ಕೊನೆಗೆ. ಅವಕ್ಕೂ ಎರಡು ಮೂರೇ ತುಂಡು.

ನೀರಿಗಿಳಿದ ಮೇಲೆ ಯಾರೂ ಎಣಿಸದ ತೊಡಕು ಎದುರಾಯಿತು. ಬಿಲ್ಲೆಗಳು ಓದಲು ಆಗುತ್ತಿರಲಿಲ್ಲ. ಕಡಲಲ್ಲಿ ಯಾವ ವಸ್ತು ಇಟ್ಟರೂ ಕೆಲವೇ ವಾರದಲ್ಲಿ ಅದರ ಮೇಲೆ ಪಾಚಿ, ಚಿಪ್ಪು, ಸುಣ್ಣದ ಪದರ ಕೂರುತ್ತದೆ. ಮೂಲೆ ಮರಗಳನ್ನು ಉಜ್ಜಿ ಬಹಳ ಕಾಲವಾಗಿತ್ತು. ಕೈಗವಸು ಹಾಕಿಕೊಂಡು ಚಾಕುವಿನ ಬೆನ್ನಿನಿಂದ ಒಂದೊಂದೇ ಬಿಲ್ಲೆ ಕೆರೆದು, ಮಾಸ್ಕಿನ ಹತ್ತಿರ ಹಿಡಿದು, ಸಂಖ್ಯೆ 3 ಹೌದೋ 8 ಹೌದೋ ಅಂತ ಜೊತೆಗಾರನಿಗೆ ತೋರಿಸಿ, ಆಮೇಲೆ ಸ್ಲೇಟಿನಲ್ಲಿ ಬರೆಯಬೇಕು. ಸಿಲಿಂಡರಿನ ಗಾಳಿ ಇದಕ್ಕೇ ಖರ್ಚಾಗುತ್ತಿತ್ತು. ಅದೂ ಬಿಸಿನೀರಿನ ಸ್ನಾನದಂಥ ಕಡಲಲ್ಲಿ. ಅಪರೂಪದ ತಳಿಗಳ ಬಿಲ್ಲೆಗಳೇ ಹೆಚ್ಚು ಹಾಳಾಗಿದ್ದವು, ಯಾಕೆಂದರೆ ಅವನ್ನು ನೋಡಿಕೊಂಡದ್ದೇ ಕಡಿಮೆ. ಒಂದು ಮರದ ಬಿಲ್ಲೆ ಪೂರ್ತಿ ಉದುರಿಹೋಗಿತ್ತು. ಅದರ ತುಂಡುಗಳಿಗೆ ಗುರುತು ಗೊತ್ತಿಲ್ಲ ಅಂತ ಬರೆದು ಎತ್ತಿಕೊಂಡರು.

ಎತ್ತಿದ ತುಂಡುಗಳನ್ನು ಸಮುದ್ರದ ನೀರಲ್ಲಿ ನೆನೆಸಿದ ಗುಳ್ಳೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಐಸ್‌ಬಾಕ್ಸ್‌ಗಳಲ್ಲಿ ಇಟ್ಟು ದಡಕ್ಕೆ ತಂದರು. ಒಂದು ಎಚ್ಚರಿಕೆ ಇಲ್ಲಿ ಉಪಯೋಗಕ್ಕೆ ಬಂತು. ಎಲ್ಲವನ್ನೂ ಒಂದೇ ಜಾಗಕ್ಕೆ ಕಳಿಸಲಿಲ್ಲ. ಒಂದು ತಳಿಯ ಒಂದು ತುಂಡು ಇಲ್ಲಿಗೆ ಹೋದರೆ ಇನ್ನೊಂದು ದೂರದ ಇನ್ನೊಂದು ಕೇಂದ್ರಕ್ಕೆ. ತೊಟ್ಟಿಯ ಪಂಪು ನಿಂತರೂ, ರೋಗ ಹರಡಿದರೂ, ಚಂಡಮಾರುತಕ್ಕೆ ಕರೆಂಟು ಹೋದರೂ ತಳಿ ಪೂರ್ತಿ ಹೋಗಬಾರದು.

ಜಾಗ ಸಿಗದ ಮರಗಳಲ್ಲಿ ಕೆಲವನ್ನು ಬುಡ ಬಿಚ್ಚಿ ಆಳದ ನೀರಿಗೆ ಎಳೆದೊಯ್ದರು. ಆಳದಲ್ಲಿ ಬಿಸಿ ಸ್ವಲ್ಪ ಕಡಿಮೆ, ಬಿಸಿಲಿನ ಕಾಟವೂ ಕಡಿಮೆ. ಉಳಿದವನ್ನು ಇದ್ದಲ್ಲೇ ಬಿಟ್ಟರು.

ಏನಾಯಿತು

ಇದ್ದಲ್ಲೇ ಬಿಟ್ಟ ಮರಗಳಲ್ಲಿ ಸ್ಟ್ಯಾಗ್‌ಹಾರ್ನ್ ಹೆಚ್ಚುಕಡಿಮೆ ಪೂರ್ತಿ ಸತ್ತಿತು. ಆಳಕ್ಕೆ ಒಯ್ದವುಗಳಲ್ಲಿ ಕೆಲವು ಉಳಿದವು. ಆದರೆ ಸಾಗಿಸುವ ಹೊತ್ತಿಗೇ ಬಳಲಿದ್ದವು ಅಲ್ಲಿ ಹೋಗಿ ಸತ್ತವು. ತೊಟ್ಟಿಗೆ ಬಂದವುಗಳಲ್ಲಿ ಹೆಚ್ಚಿನವು ಬದುಕಿದವು. ತೊಟ್ಟಿಯ ಬದುಕೂ ಸುಲಭದ್ದಲ್ಲ. ಇಕ್ಕಟ್ಟು, ಪಾಚಿ, ದಿನಾ ನೀರಿನ ಪರೀಕ್ಷೆ, ಊಟ ಹಾಕುವ ಕೆಲಸ, ರಾತ್ರಿಪಾಳಿ. ಮುಳುಗಲು ಬಂದ ಸ್ವಯಂಸೇವಕರು ತಿಂಗಳುಗಟ್ಟಲೆ ಬಕೆಟ್ ಹೊತ್ತರು.

ದಿಬ್ಬಗಳ ಕಥೆ ಬೇರೆ. ಆ ಏಳು ದಿಬ್ಬಗಳ ಪೈಕಿ ಐದನ್ನು ಆಮೇಲೆ ಪರಿಶೀಲಿಸಿದಾಗ, ನೋಡಿದ ಸುಮಾರು 1,500 ಸ್ಟ್ಯಾಗ್‌ಹಾರ್ನ್‌ಗಳಲ್ಲಿ ಜೀವಂತ ಇದ್ದದ್ದು ಶೇ. 22ಕ್ಕಿಂತ ಕಡಿಮೆ. 2025ರ ಅಕ್ಟೋಬರ್‌ನಲ್ಲಿ ವಿಜ್ಞಾನಿಗಳ ದೊಡ್ಡ ಗುಂಪೊಂದು 391 ಜಾಗಗಳ 52,000ಕ್ಕೂ ಹೆಚ್ಚು ಹವಳಗಳ ಲೆಕ್ಕ ಮುಂದಿಟ್ಟಿತು. ಕೀಸ್‌ನಲ್ಲಿ ಈ ಎರಡು ಜಾತಿಗಳ ಸಾವು ಶೇ. 98ರಿಂದ 100. ಫ್ಲಾರಿಡಾದಲ್ಲಿ ದಿಬ್ಬ ಕಟ್ಟುವ ಜಾತಿಗಳಾಗಿ ಇವು ಇನ್ನು ಲೆಕ್ಕಕ್ಕಿಲ್ಲ ಅಂತ ಅವರು ಬರೆದರು. ಅಲ್ಲೊಂದು ಇಲ್ಲೊಂದು ಬದುಕಿರಬಹುದು, ಆದರೆ ದಿಬ್ಬ ಕಟ್ಟುವಷ್ಟಿಲ್ಲ, ಸಂತಾನ ಬೆಳೆಸುವಷ್ಟಿಲ್ಲ. ಉಂಡೆಯಾಗಿ, ನಿಧಾನವಾಗಿ ಬೆಳೆಯುವ ಕೆಲವು ಜಾತಿಗಳು ಬಿಳಿಚಿದರೂ ಇವುಗಳಿಗಿಂತ ಚೆನ್ನಾಗಿ ತಡೆದುಕೊಂಡವು.

ಹಾಗಾಗಿ ನಮ್ಮ ತಂಡ ಗೆದ್ದಿತು ಅಂತ ನಾನು ಬರೆಯಲಾರೆ. ತಳಿಗಳು ಉಳಿದವು. ಅವು ಹೋಗಿ ಸೇರಬೇಕಾದ ದಿಬ್ಬ ಉಳಿಯಲಿಲ್ಲ. ಈ ಎರಡು ಮಾತನ್ನೂ ಒಟ್ಟಿಗೇ ಹೇಳಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಓದುವವರಿಗೆ ಮೋಸ.

ಮೂರನೇ ತಿರುವು: ವಾಪಸ್ ಒಯ್ಯುವುದು

ಚಳಿಗಾಲ ಹತ್ತಿರ ಬಂದು ನೀರು ತಣಿದಾಗ ಎಲ್ಲವನ್ನೂ ಮತ್ತೆ ನರ್ಸರಿಗೆ ಕಟ್ಟೋಣ ಅನ್ನುವ ಒತ್ತಡ ಬಂತು. ತೊಟ್ಟಿಯ ಖರ್ಚು ಜಾಸ್ತಿ. ಕೆಲಸದವರು ಸೋತಿದ್ದರು. ಹಣ ಕೊಟ್ಟವರಿಗೆ ಒಂದು ಒಳ್ಳೆಯ ಚಿತ್ರ ಬೇಕಿತ್ತು. ಮೇಲ್ವಿಚಾರಕಿ ಪ್ರತಿ ತಳಿಯ ಒಂದು ತುಂಡನ್ನು ದಡದಲ್ಲೇ ಉಳಿಸಿಕೊಂಡು ಮಿಕ್ಕದ್ದನ್ನು ಮಾತ್ರ ಕಳಿಸಿದರು. 2024ರ ಬೇಸಿಗೆಯೂ ಬಿಸಿಯಾಗಿರಬಹುದು ಅನ್ನುವುದು ಅವರ ಎಣಿಕೆ. ಆ ಏಪ್ರಿಲ್‌ನಲ್ಲೇ ಜಗತ್ತಿನ ಹವಳಗಳು ನಾಲ್ಕನೇ ಬಾರಿ ಒಟ್ಟಿಗೆ ಬಿಳಿಚುತ್ತಿವೆ ಅಂತ ಘೋಷಣೆಯಾಯಿತು. ಮುಂದಿನ ವರ್ಷದ ಹೊತ್ತಿಗೆ ಜಗತ್ತಿನ ಹವಳ ಪ್ರದೇಶದ ಶೇ. 84ರಷ್ಟಕ್ಕೆ ಆ ಬಿಸಿ ತಟ್ಟಿತ್ತು.

ತಾಪದ ಎಚ್ಚರಿಕೆಯ ಅಳತೆಗೋಲನ್ನೇ 2023ರ ಕೊನೆಗೆ ಉದ್ದ ಮಾಡಬೇಕಾಯಿತು. ಮೊದಲು ಡಿಗ್ರಿ, ವಾರಗಳ ಆ ಲೆಕ್ಕ 8 ದಾಟಿದರೆ ಅದೇ ಅತಿ ಮೇಲಿನ ಮಟ್ಟ. ಈಗ ಅದರ ಮೇಲೆ ಇನ್ನೂ ಮೂರು ಮಟ್ಟಗಳಿವೆ. ಕೊನೆಯದು 20 ದಾಟಿದ ಮೇಲೆ, ಅಂದರೆ ಹೆಚ್ಚುಕಡಿಮೆ ಎಲ್ಲವೂ ಸಾಯುವ ಮಟ್ಟ.

ಇದರಿಂದ ಕಲಿಯುವುದು

ಇದೇ ಕೆಲಸದಲ್ಲಿರುವವರಿಗೆ ನಾನು ಮೊದಲು ಹೇಳುವುದು ಬಿಲ್ಲೆಯ ವಿಷಯ. ಕೇಳಲು ಚಿಲ್ಲರೆ ಅನ್ನಿಸಬಹುದು. ಆದರೆ ಯಾವುದು ಏನು ಅಂತ ಗೊತ್ತಿಲ್ಲದಿದ್ದರೆ ಯಾವುದನ್ನು ಉಳಿಸಬೇಕು ಅನ್ನುವ ತೀರ್ಮಾನಕ್ಕೆ ಅರ್ಥವೇ ಇಲ್ಲ. ಎತ್ತುವ ಪಟ್ಟಿಯನ್ನು ತಂಪು ಕಾಲದಲ್ಲಿ, ಎಲ್ಲರೂ ಸಮಾಧಾನವಾಗಿ ಕೂತು ಬರೆಯಬೇಕು. ಈ ತಂಡದ ಪಟ್ಟಿ ಮೇಲ್ವಿಚಾರಕಿಯ ಸ್ವಂತ ಟಿಪ್ಪಣಿಯಲ್ಲಿ ಇದ್ದದ್ದು ಅದೃಷ್ಟ. ಅವರು ಆ ವಾರ ರಜೆಯಲ್ಲಿದ್ದಿದ್ದರೆ?

ಇನ್ನೊಂದು, ಲೆಕ್ಕ ಕೇಳುವವರ ಪ್ರಶ್ನೆ ಬದಲಾಗಬೇಕು. ಎಷ್ಟು ನೆಟ್ಟಿರಿ ಅಂತ ಕೇಳುವ ಕಡೆ, ಎಷ್ಟು ತಳಿ ಎರಡು ಬೇರೆ ಬೇರೆ ಜಾಗದಲ್ಲಿ ಸುರಕ್ಷಿತವಾಗಿವೆ ಅಂತಲೂ ಕೇಳಬೇಕು. ಹಣ ಕೊಡುವವರು ಕೇಳಿದ್ದನ್ನೇ ತಂಡಗಳು ಬೆಳೆಸುತ್ತವೆ.

ನಮ್ಮ ಕಡೆಗೂ ಇದು ಸಲ್ಲುತ್ತದೆ. ಲಕ್ಷದ್ವೀಪ ಮಂಗಳೂರಿಗೆ ಹೊಸದಲ್ಲ. ಅಮಿನಿ, ಕಡಮತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಮಂಗಳೂರಿನ ಹಳೆ ಬಂದರಿನಿಂದ ಇವತ್ತಿಗೂ ಅಲ್ಲಿಗೆ ಸಾಮಾನು ಹೋಗುತ್ತದೆ. ಅಗತ್ತಿ, ಕಡಮತ್, ಕವರತ್ತಿ ಸುತ್ತ 24 ವರ್ಷ ನೋಡಿದ ಸಂಶೋಧಕರ ಪ್ರಕಾರ ಹವಳದ ಹೊದಿಕೆ 1998ರಲ್ಲಿ ಶೇ. 37 ಇದ್ದದ್ದು 2022ಕ್ಕೆ ಶೇ. 19ರ ಹತ್ತಿರ ಬಂದಿದೆ. 1998, 2010, 2016 ಮೂರೂ ಬಾರಿ ಬಿಸಿ ಹೊಡೆದಿದೆ. ಸುಮಾರು ಆರು ವರ್ಷ ಬಿಡುವು ಸಿಕ್ಕರೆ ಮಾತ್ರ ಹವಳ ಚುರುಕಾಗಿ ಚೇತರಿಸಿಕೊಂಡದ್ದು ಅಲ್ಲಿ ಕಂಡಿದೆ. ಬಿಡುವು ಕಮ್ಮಿಯಾಗುತ್ತಾ ಬಂದರೆ ಯಾವ ನರ್ಸರಿಯೂ ಅದನ್ನು ತುಂಬಿಕೊಡಲಾರದು. ಭೂಮಿಯ ಮೇಲೆ ನಾವು ಹೆಚ್ಚುವರಿಯಾಗಿ ಹಿಡಿದಿಟ್ಟ ಬಿಸಿಯಲ್ಲಿ ಶೇ. 90ಕ್ಕೂ ಹೆಚ್ಚು ಕಡಲಿಗೇ ಹೋಗಿದೆ. ಕಲ್ಲಿದ್ದಲು, ಪೆಟ್ರೋಲು ಉರಿಸುವುದು ಇಳಿಯದೆ ತೊಟ್ಟಿಗಳನ್ನು ಎಷ್ಟು ಕಟ್ಟಿದರೂ ಅವು ಕಾಯುವ ಕೋಣೆಗಳಷ್ಟೇ.

ಆದರೂ ಕಾಯುವ ಕೋಣೆ ಬೇಕು ಅಂತಲೇ ನಾನು ಹೇಳುತ್ತೇನೆ. 2025ರ ಜುಲೈನಲ್ಲಿ ಮಯಾಮಿ ಹತ್ತಿರ ಒಂದು ಹೊಸ ಪ್ರಯತ್ನ ನಡೆಯಿತು. ಹೊಂಡುರಾಸ್‌ನ ತೇಲಾ ಕೊಲ್ಲಿಯಲ್ಲಿ ಎಲ್ಕ್‌ಹಾರ್ನ್ ಬಿಸಿಯಲ್ಲೂ ಸೊಂಪಾಗಿದೆ. ಅವನ್ನು ಫ್ಲಾರಿಡಾದ ಎಲ್ಕ್‌ಹಾರ್ನ್ ಜೊತೆ ತೊಟ್ಟಿಯಲ್ಲಿ ಕೂಡಿಸಿ ಪಡೆದ ಮರಿಗಳನ್ನು ದಿಬ್ಬಕ್ಕೆ ನೆಟ್ಟರು. ಫ್ಲಾರಿಡಾದ ತಾಯಿ ತೊಟ್ಟಿಯಲ್ಲಿ ಜೀವಂತ ಇದ್ದದ್ದರಿಂದ ಇದು ಸಾಧ್ಯವಾಯಿತು. ಬೇರೆ ದೇಶದ ಹವಳವನ್ನು ತಂದು ಬೆರೆಸಬಾರದು ಅನ್ನುವ ಹಳೆ ನಿಯಮವನ್ನು ಎಷ್ಟು ಸಡಿಲಿಸಬೇಕು ಅನ್ನುವ ಚರ್ಚೆ ಈಗ ಬಿಸಿಯಾಗಿದೆ. ಹೊರಗಿನ ರೋಗ ಬರಬಹುದು, ಇಲ್ಲಿನ ನೀರಿಗೆ ಹೊಂದದ ಗುಣ ಬರಬಹುದು ಅನ್ನುವ ಭಯ ನ್ಯಾಯವಾದದ್ದೇ. ಸ್ಟ್ಯಾಗ್‌ಹಾರ್ನ್‌ಗೂ ಹಾಗೇ ಮಾಡಬಹುದೇ ಅಂತ ನಮ್ಮ ಪ್ರಕರಣದ ಮೇಲ್ವಿಚಾರಕಿ ಕೇಳುತ್ತಿದ್ದಾರೆ. ಗುರುತು ಗೊತ್ತಿಲ್ಲ ಅಂತ ಬರೆದು ಎತ್ತಿದ್ದ ಆ ತುಂಡುಗಳೂ ಸೇರಿ ಅವರ ತಳಿಗಳೆಲ್ಲ ಈಗ ವರ್ಷವಿಡೀ ಎರಡು ಊರಿನ ತೊಟ್ಟಿಗಳಲ್ಲಿವೆ. ತೊಟ್ಟಿಯ ಕರೆಂಟು, ನೀರು, ಕೆಲಸದವರ ಸಂಬಳಕ್ಕೆ ಪ್ರತಿ ವರ್ಷ ಹೊಸದಾಗಿ ಹಣ ಹುಡುಕಬೇಕು, ಮುಂದಿನ ವರ್ಷದ್ದು ಇನ್ನೂ ಪೂರ್ತಿ ಕೂಡಿಬಂದಿಲ್ಲ.